755ರ ಹಿಂದಿನ ಲೆಕ್ಕ

ಮಾನ್ಯ ಸಂಪಾದಕರೇ,

ಅಮೆರಿಕದ ಬೇಸ್‌ಬಾಲ್‌ನಲ್ಲಿ 1950 ಮತ್ತು 60ರ ದಶಕಗಳನ್ನು ಆಳಿದ ಹೋಮ್ ರನ್ (ಚೆಂಡನ್ನು ಮೈದಾನದ ಬೇಲಿಯಾಚೆ ಕಳಿಸುವ ಹೊಡೆತ) ವೀರರ ಕುರಿತು ನಿಮ್ಮ ಕ್ರೀಡಾ ಪುಟದಲ್ಲಿ ಬಂದ ಲೇಖನವನ್ನು ಆಸಕ್ತಿಯಿಂದ ಓದಿದೆ. ಹ್ಯಾಂಕ್ ಆರನ್ 755, ವಿಲ್ಲಿ ಮೇಸ್ 660, ಮಿಕಿ ಮ್ಯಾಂಟಲ್ 536 ಎಂಬ ಅಂಕಿಗಳಲ್ಲಿ ತಪ್ಪಿಲ್ಲ. ಆದರೆ ಆರನ್ ಅವರ ಮೊತ್ತವು ದೀರ್ಘಕಾಲ ಆಡಿದ್ದರ ಮತ್ತು ಅಟ್ಲಾಂಟಾ ಮೈದಾನದ ಕೊಡುಗೆಯಷ್ಟೇ, ಆ ಕಾಲದ ನಿಜವಾದ ಹೊಡೆತಗಾರ ಮ್ಯಾಂಟಲ್ ಎಂಬ ಲೇಖಕರ ತೀರ್ಮಾನವನ್ನು ಒಪ್ಪಲಾಗದೆ ಈ ಪತ್ರ ಬರೆಯುತ್ತಿದ್ದೇನೆ.

ಬೇಸ್‌ಬಾಲ್‌ನಲ್ಲಿ ಬೇಲಿಯ ದೂರ ಮೈದಾನದಿಂದ ಮೈದಾನಕ್ಕೆ ಬದಲಾಗುವುದರಿಂದ, ಯಾರು ಎಲ್ಲಿ ಆಡಿದರು ಎಂದು ಕೇಳುವುದು ನ್ಯಾಯವೇ. ಸಮುದ್ರಮಟ್ಟದಿಂದ ಸುಮಾರು 1000 ಅಡಿ ಎತ್ತರದಲ್ಲಿದ್ದ ಅಟ್ಲಾಂಟಾ ಮೈದಾನದಲ್ಲಿ ಚೆಂಡು ದೂರ ಹಾರುತ್ತಿತ್ತು. ಅದಕ್ಕೆ ‘ಲಾಂಚಿಂಗ್ ಪ್ಯಾಡ್’ ಎಂಬ ಅಡ್ಡಹೆಸರೇ ಬಿದ್ದಿತ್ತು. ಆದರೆ ಆರನ್ ಅವರ ಬ್ರೇವ್ಸ್ ತಂಡ ಅಲ್ಲಿಗೆ ಹೋದದ್ದು 1966ರಲ್ಲಿ, ಮತ್ತು ಅದಕ್ಕೂ ಮೊದಲು ಮಿಲ್ವಾಕಿಯಲ್ಲಿ ಕಳೆದ ಹನ್ನೆರಡು ಋತುಗಳಲ್ಲಿಯೇ ಆರನ್ 398 ಹೋಮ್ ರನ್ ಹೊಡೆದಿದ್ದರು. ಒಟ್ಟು ಲೆಕ್ಕ ನೋಡಿದರೆ ತವರಿನಲ್ಲಿ 385, ಹೊರಗೆ 370. ಇಪ್ಪತ್ತಮೂರು ಋತುಗಳಲ್ಲಿ ಹದಿನೈದರ ಅಂತರವನ್ನು ಮೈದಾನದ ಕೃಪೆ ಎನ್ನುವುದು ಅತಿಯಾಯಿತು.

ಇನ್ನು ದೀರ್ಘಕಾಲದ ಮಾತು. ಆರನ್ ಒಂದು ಋತುವಿನಲ್ಲಿ ಒಮ್ಮೆಯೂ 50 ಮುಟ್ಟಲಿಲ್ಲ ಎಂಬುದು ನಿಜ. ಅವರ ಗರಿಷ್ಠ 47. ಅದು ಬಂದದ್ದು 1971ರಲ್ಲಿ, ಅವರಿಗೆ 37 ವರ್ಷವಾಗಿದ್ದಾಗ. ಎರಡು ವರ್ಷಗಳ ನಂತರ, ಕೇವಲ 392 ಅಟ್ ಬ್ಯಾಟ್‌ಗಳಲ್ಲಿ (ವಾಕ್, ಅಂದರೆ ನಾಲ್ಕು ತಪ್ಪು ಎಸೆತಗಳಿಂದ ಸಿಗುವ ಉಚಿತ ಬೇಸ್, ಮುಂತಾದವನ್ನು ಬಿಟ್ಟು ಎಣಿಸುವ ಬ್ಯಾಟಿಂಗ್ ಸರದಿ ಇದು) 40 ಹೊಡೆದರು. ಸುಮ್ಮನೆ ಕಾಲ ತಳ್ಳಿ ಮೊತ್ತ ಬೆಳೆಸಿಕೊಳ್ಳುವವರ ಆಟ ಹೀಗಿರುವುದಿಲ್ಲ. ಅದೂ ಅಲ್ಲದೆ ಅವರ ವೃತ್ತಿಜೀವನದ ನಡುಭಾಗ ಪಿಚರ್‌ಗಳ, ಅಂದರೆ ಚೆಂಡೆಸೆಯುವವರ, ಕಾಲವಾಗಿತ್ತು. 1963ರಲ್ಲಿ ಸ್ಟ್ರೈಕ್ ವಲಯವನ್ನು (ಬ್ಯಾಟರ್ ಹೊಡೆಯದೆ ಬಿಟ್ಟರೂ ಎಸೆತ ಅವರ ವಿರುದ್ಧ ಎಣಿಕೆಯಾಗುವ ಜಾಗ) ಹಿಗ್ಗಿಸಲಾಗಿತ್ತು. 1968ರ ಹೊತ್ತಿಗೆ ಎರಡು ಪ್ರಮುಖ ಲೀಗ್‌ಗಳಲ್ಲೊಂದಾದ ಅಮೆರಿಕನ್ ಲೀಗ್‌ನಲ್ಲಿ .301 ಸರಾಸರಿಗೇ (ಸಾವಿರ ಅಟ್ ಬ್ಯಾಟ್‌ಗೆ 301 ಯಶಸ್ವಿ ಹೊಡೆತ) ಬ್ಯಾಟಿಂಗ್ ಅಗ್ರಸ್ಥಾನ ದೊರೆಯುವಷ್ಟು ಬ್ಯಾಟರ್‌ಗಳು ಸೊರಗಿದ್ದರು. ಮರುವರ್ಷ ಆ ವಲಯವನ್ನು ಕಿರಿದಾಗಿಸಿ, ಪಿಚರ್ ನಿಲ್ಲುವ ದಿಬ್ಬದ ಎತ್ತರವನ್ನು 15 ಅಂಗುಲದಿಂದ 10ಕ್ಕೆ ಇಳಿಸಿದ ಕೂಡಲೇ ಆರನ್ ಅವರ ಹೋಮ್ ರನ್‌ಗಳು 29ರಿಂದ 44ಕ್ಕೆ ಏರಿದವು. ಲೇಖನ ಈ ನಿಯಮಗಳ ಗೊಡವೆಗೇ ಹೋಗಿಲ್ಲ.

ಆರನ್ ಅವರಿಗೆ ನಿಜವಾಗಿ ಎದುರು ನಿಲ್ಲಬಲ್ಲವರು ಮೇಸ್. ಸೇನಾ ಸೇವೆಯಿಂದಾಗಿ ಅವರು 1952ರಲ್ಲಿ 34 ಪಂದ್ಯಗಳನ್ನಷ್ಟೇ ಆಡಿದರು, 1953ರಲ್ಲಿ ಒಂದನ್ನೂ ಆಡಲಿಲ್ಲ. ಮರಳಿ ಬಂದ ವರ್ಷ 41, ಅದರ ಮುಂದಿನ ವರ್ಷ 51 ಹೊಡೆದವರಿಗೆ ಆ ಎರಡು ಋತುಗಳು ದಕ್ಕಿದ್ದರೆ, ಬೇಬ್ ರೂತ್ ಅವರ 714ರ ದಾಖಲೆಯನ್ನು ಆರನ್ 1974ರಲ್ಲಿ ಮುರಿಯುವ ಮೊದಲೇ ಮೇಸ್ ಮುರಿದಿರುತ್ತಿದ್ದರೇನೋ. ಇದು ಊಹೆಯೆಂದು ಬಲ್ಲೆ, ಆದ್ದರಿಂದಲೇ ಅವರನ್ನು ಎರಡನೆಯ ಸ್ಥಾನದಲ್ಲಿ, ಕೂದಲೆಳೆಯ ಅಂತರದಲ್ಲಿ ಇಡುತ್ತೇನೆ. ಅವರ ತವರಾಗಿದ್ದ ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಂಡಲ್‌ಸ್ಟಿಕ್ ಮೈದಾನದ ಗಾಳಿ ಅವರ ಹೊಡೆತಗಳನ್ನು ನುಂಗಿತೆಂಬ ಮಾತಿಗೆ ಮಾತ್ರ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ವೃತ್ತಿಜೀವನದುದ್ದಕ್ಕೂ ಅವರು ಹೊರಗಿಗಿಂತ ತವರಿನಲ್ಲೇ ತುಸು ಹೆಚ್ಚು ಹೊಡೆದಿದ್ದಾರೆ.

ಮ್ಯಾಂಟಲ್ ವಿಷಯದಲ್ಲಿ ಲೇಖಕರ ಮೋಹ ನನಗೆ ಅರ್ಥವಾಗುತ್ತದೆ. ಎರಡೂ ಕೈಗಳ ಕಡೆಯಿಂದ ಹೊಡೆಯಬಲ್ಲವರಾಗಿದ್ದ ಅವರು 1951ರಲ್ಲೇ ಮೊಣಕಾಲು ಕೆಡಿಸಿಕೊಂಡರೂ 1956ರಲ್ಲಿ 52, 1961ರಲ್ಲಿ 54 ಹೋಮ್ ರನ್ ಗಳಿಸಿದರು. 1953ರಲ್ಲಿ ವಾಷಿಂಗ್ಟನ್‌ನಲ್ಲಿ ಅವರು ಹೊಡೆದ ಚೆಂಡು 565 ಅಡಿ ಹೋಯಿತೆಂದು ಇಂದಿಗೂ ಹೇಳುತ್ತಾರೆ. (ಬೇಲಿ ದಾಟಿ ಐದಡಿ ಬಿದ್ದ ಚೆಂಡಿಗೂ ಸಿಗುವುದು ಅದೇ ಒಂದು ಹೋಮ್ ರನ್ ಎಂಬುದು ಬೇರೆ ಮಾತು.) ಮೊತ್ತವನ್ನು ಬದಿಗಿಟ್ಟು ಎಷ್ಟು ಅಟ್ ಬ್ಯಾಟ್‌ಗೆ ಒಂದು ಹೋಮ್ ರನ್ ಎಂದು ನೋಡಿದರೆ ಮ್ಯಾಂಟಲ್ 15.1ರೊಂದಿಗೆ, 16.4ರ ಆರನ್ ಅವರಿಗಿಂತ ಮುಂದಿದ್ದಾರೆ ಎಂಬುದೇ ಲೇಖನದ ಮುಖ್ಯ ಆಧಾರ. ಹಾಗಿದ್ದರೆ ಅದೇ ಅಳತೆಗೋಲನ್ನು ಮಿನೆಸೋಟಾ ಟ್ವಿನ್ಸ್ ತಂಡದ ಹಾರ್ಮನ್ ಕಿಲ್‌ಬ್ರೂ ಅವರಿಗೂ ಹಿಡಿಯಬೇಕಲ್ಲವೇ? ಅವರ ಲೆಕ್ಕ 14.2, ಮೊತ್ತ 573, ಅದೂ ಮ್ಯಾಂಟಲ್ ಅವರಿಗಿಂತ ಹೆಚ್ಚು. ಒಂದು ಋತುವಿನಲ್ಲಿ 40 ಅಥವಾ ಅದಕ್ಕಿಂತ ಹೆಚ್ಚು ಹೋಮ್ ರನ್‌ಗಳನ್ನು ಆರನ್ ಅವರಂತೆಯೇ ಎಂಟು ಬಾರಿ ಗಳಿಸಿದ, ಅಮೆರಿಕನ್ ಲೀಗ್‌ನಲ್ಲಿ ಆರು ಬಾರಿ ಅಗ್ರಸ್ಥಾನ ಪಡೆದ ಈ ಆಟಗಾರನ ಹೆಸರು ಇಡೀ ಲೇಖನದಲ್ಲಿ ಒಮ್ಮೆಯೂ ಬಂದಿಲ್ಲ.

ಇಂತಿ,
ಓರ್ವ ಓದುಗ