ಟಾರ್ಚ್ ಮಾರುವವರು ಸೆಲ್ ತೂಗಿ ತೋರಿಸಲಿ

ಮಾನ್ಯರೇ,
ರಾತ್ರಿ ತೋಟ ಕಾಯುವ ರೈತರು ಪವರ್ ಹೆಚ್ಚಿಸಿದ ಎಲ್‌ಇಡಿ ಟಾರ್ಚ್‌ಗಳನ್ನು ನಂಬಿ ಕೊಳ್ಳುತ್ತಾರೆ. ಒಳಗಿನ 18650 ಸೆಲ್ (18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದದ ರೀಚಾರ್ಜ್ ಲಿಥಿಯಂ ಸೆಲ್) ಮೇಲೆ '9900 ಎಂಎಎಚ್' (ಸೆಲ್ ಎಷ್ಟು ವಿದ್ಯುತ್ ಹಿಡಿದಿಡುತ್ತದೆ ಎಂಬ ಅಳತೆ) ಎಂದು ಅಚ್ಚಾಗಿದ್ದರೆ ಅದು ಶುದ್ಧ ಸುಳ್ಳು. ಈ ಗಾತ್ರದ ಒಳ್ಳೆಯ ಸೆಲ್ ಕೂಡ 3500ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಅಕ್ಕಸಾಲಿಗರ ತಕ್ಕಡಿಗಿಟ್ಟು ನೋಡಿ: ಅಸಲಿ ಸೆಲ್ ಸುಮಾರು 45 ಗ್ರಾಂ, ನಕಲಿ ಎಷ್ಟೋ ಸಲ 30 ಗ್ರಾಂ ಕೂಡ ತೂಗದು. ಅಂಥದ್ದಕ್ಕೆ 3 ಆಂಪಿಯರ್ ಎಳೆಯುವ ಡ್ರೈವರ್ (ಎಲ್‌ಇಡಿಗೆ ಹೋಗುವ ಕರೆಂಟ್ ನಿಯಂತ್ರಿಸುವ ಸರ್ಕ್ಯೂಟ್) ಜೋಡಿಸಿದರೆ ಸೆಲ್ ಕಾದು ಅನಿಲ ಕಕ್ಕಬಹುದು; ಗಾಳಿಯಾಡದ ಟಾರ್ಚ್ ಸಿಡಿಯಲೂಬಹುದು. ಎಲ್‌ಇಡಿಯನ್ನು ತಾಮ್ರದ ಬೋರ್ಡಿಗೆ ಬೆಸುಗೆ ಹಾಕಿ, ಬೋರ್ಡಿನ ಕೆಳಭಾಗಕ್ಕೆ ಶಾಖ ಸಾಗಿಸುವ ಥರ್ಮಲ್ ಪೇಸ್ಟ್ ತೆಳುವಾಗಿ ಸವರಬೇಕು. ಇಲ್ಲದಿದ್ದರೆ ಬೆಳಕು ಮಂಕಾಗಿ ನೀಲಿಗೆ ತಿರುಗುತ್ತದೆ, ಕೊನೆಗೆ ಎಲ್‌ಇಡಿ ಸುಟ್ಟೇಹೋಗುತ್ತದೆ. ಟಾರ್ಚ್ ಎಳೆಯುವುದು ಎಷ್ಟು ಆಂಪಿಯರ್, ಸೆಲ್ಲಿನ ತೂಕವೆಷ್ಟು, ಸೆಲ್ 2.8 ವೋಲ್ಟ್‌ಗೆ ಇಳಿದಾಗ ಟಾರ್ಚ್ ತಾನೇ ಆರುತ್ತದೆಯೇ ಎಂಬುದನ್ನು ಮಾರಾಟಗಾರರು ಬಿಲ್‌ನಲ್ಲೇ ಬರೆದುಕೊಡಲಿ.

– ಟಾರ್ಚ್ ರಿಪೇರಿ ಕಸುಬಿನವರು, ಬೆಂಗಳೂರು