ಹೆಸರು ಬರೆಯುವ ಮುಂಚೆ ಗಂಟಲು ನೋಡು

ಚಿ. ಮಾಲಿನಿಗೆ ಮಾವನ ಆಶೀರ್ವಾದಗಳು. ಉಭಯ ಕುಶಲೋಪರಿ.

ಕಾಳಿ ನದಿಯ ಅಳಿವೆಯ ಕೆಸರಿನಲ್ಲಿ ಸಿಕ್ಕ ಬಿರುಗೂದಲ ಹುಳುಗಳ (ಪಾಲಿಕೀಟ್) ಫೋಟೊ ನೋಡಿದೆ. ಎಲ್ಲ ಬಾಟಲಿಗೂ ‘ನೆರೀಸ್’ ಎಂಬ ಕುಲದ ಹೆಸರಿನ ಚೀಟಿ ಅಂಟಿಸಿದ್ದೀಯಲ್ಲ, ಅಷ್ಟು ಅವಸರ ಬೇಡ ಮಗಳೇ. ನಾಲ್ಕು ಕಣ್ಣು, ಮುಂದೆ ಎರಡು ಮೀಸೆ, ಪಕ್ಕಕ್ಕೆ ಎರಡು ದಪ್ಪ ಪಾಲ್ಪ್ (ಸ್ಪರ್ಶಾಂಗ), ಮೈಯುದ್ದಕ್ಕೂ ಬಿರುಗೂದಲಿನ ಕಾಲುಗಳು ಕಂಡರೆ ನೆರೀಡಿಡೇ ಕುಟುಂಬ ಅನ್ನಬಹುದು, ಅಷ್ಟೇ. ಕುಲ ಯಾವುದೆಂದು ಗಂಟಲು ಹೇಳಬೇಕು.

ಇವು ಕಚ್ಚುವಾಗ ಗಂಟಲನ್ನೇ ಅಂಗಿಯ ತೋಳಿನ ಹಾಗೆ ಮಗುಚಿ ಹೊರಚಾಚುತ್ತವೆ. ತುದಿಯಲ್ಲಿ ಒಂದು ಜೊತೆ ದವಡೆ. ಅದರ ಪ್ರೋಟೀನಿಗೆ ಸತು ಸೇರಿ ಗಡಸು ಬಂದಿರುತ್ತದೆ. ಸುತ್ತಲೂ ಪ್ಯಾರಾಗ್ನಾಥ್ ಎಂಬ ಪುಟ್ಟ ಹಲ್ಲುಗಳು. ಕಿನ್‌ಬರ್ಗ್ ಎಂಬ ಪ್ರಾಣಿವಿಜ್ಞಾನಿ ಹತ್ತೊಂಬತ್ತನೇ ಶತಮಾನದಲ್ಲೇ ಗಂಟಲನ್ನು ಎಂಟು ವಲಯ ಮಾಡಿಕೊಟ್ಟ, ಇಂದಿಗೂ ಅದೇ ನಡೆಯುತ್ತಿದೆ. ಆರನೆಯ ವಲಯದಲ್ಲಿ ಅಡ್ಡಪಟ್ಟಿಯಂಥ ಹಲ್ಲಿದ್ದರೆ ಪೆರಿನೆರೀಸ್. ಸೂಕ್ಷ್ಮ ಕಡ್ಡಿಗಳು ಒತ್ತೊತ್ತಾಗಿ ಸಾಲುಗಟ್ಟಿದ್ದರೆ ಪ್ಲಾಟಿನೆರೀಸ್. ಎಲ್ಲವೂ ಬರೀ ಶಂಕುವಿನಾಕಾರದವಾದರೆ ಹಿಂಭಾಗದ ಕಾಲಿನ ಮೇಲುಕವಲನ್ನು ಮೈಕ್ರೊಸ್ಕೋಪಿನಡಿ ಇಡು: ಕುಡುಗೋಲು ತುದಿಯ ಬಿರುಗೂದಲು ಇದ್ದರೆ ನೆರೀಸ್ ಕಡೆ ವಾಲಬಹುದು, ಇಲ್ಲದಿದ್ದರೆ ನಿಯಾಂಥಿಸ್ ಮುಂತಾದವನ್ನು ಯೋಚಿಸು.

ಜೀವಂತ ಹುಳುವನ್ನು ನೇರ ಫಾರ್ಮಲಿನ್‌ಗೆ ಹಾಕಬೇಡ, ಮುದುಡಿಕೊಳ್ಳುತ್ತದೆ. ಮೊದಲು ಮೆಗ್ನೀಷಿಯಂ ಕ್ಲೋರೈಡ್ ದ್ರಾವಣದಲ್ಲಿ ಸಡಿಲವಾಗಲಿ. ಆಮೇಲೆ ಫಾರ್ಮಲಿನ್, ಕೊನೆಗೆ ಶೇ. 70ರ ಆಲ್ಕೊಹಾಲ್. ಗಂಟಲು ಹೊರಬರದಿದ್ದರೆ ಕೆಳಮೈಯಿಂದ ಸೀಳಿ ನೋಡು.

ಇನ್ನೊಂದು. ಮೊಟ್ಟೆಯಿಡುವ ಕಾಲಕ್ಕೆ ಇವುಗಳಲ್ಲಿ ಅನೇಕಕ್ಕೆ ಕಣ್ಣು ಹಿಗ್ಗಿ, ಕಾಲು ಅಗಲವಾಗಿ, ನೆಲ ಬಿಟ್ಟು ಈಜಲು ಮೇಲೇಳುತ್ತವೆ. ಆ ರೂಪ ಕಂಡು ಓರ್‌ಸ್ಟೆಡ್ ಎಂಬ ವಿಜ್ಞಾನಿ 1843ರಲ್ಲಿ ‘ಹೆಟೆರೊನೆರೀಸ್’ ಎಂಬ ಹೊಸ ಕುಲವನ್ನೇ ಕಟ್ಟಿದ್ದ! ಬೆಳೆದು ರೂಪ ಬದಲಿಸಿದ ಹುಳುವಷ್ಟೇ ಅದು. ನಿನ್ನ ಮೂರನೇ ಫೋಟೊದಲ್ಲಿರುವುದೂ ಅಂಥದ್ದೇ ಇರಬಹುದೆಂಬ ಗುಮಾನಿ ನನಗೆ.

ಕುಟುಂಬಕ್ಕಿಂತ ಮೇಲಿನ ಹಂತಗಳ ವರ್ಗೀಕರಣಕ್ಕೆ ತಲೆ ಕೆಡಿಸಿಕೊಳ್ಳಬೇಡ. ಬಿರುಗೂದಲ ಹುಳುಗಳಲ್ಲಿ ಓಡಾಡುವವು ಎರಾಂಶಿಯಾ, ಕೂತಿರುವವು ಸೆಡೆಂಟೇರಿಯಾ ಎಂಬ ಹಳೇ ವಿಭಾಗವನ್ನು 1997ರಲ್ಲಿ ರೌಸ್ ಮತ್ತು ಫೌಚಾಲ್ಡ್ ಎಂಬ ವಿಜ್ಞಾನಿಗಳು ಕೈಬಿಟ್ಟರು. 2011ರಲ್ಲಿ ಜೀನ್ ಮಾಹಿತಿ ಅದನ್ನು ಬೇರೆ ಅರ್ಥದಲ್ಲಿ ಮತ್ತೆ ತಂದು ಕೂರಿಸಿತು. ಎರೆಹುಳು, ಜಿಗಣೆಗಳೂ ಈಗ ಸೆಡೆಂಟೇರಿಯಾದ ಒಳಗೇ. ಪರೀಕ್ಷೆಗೆ ಸಿಲಬಸ್ಸಿನಲ್ಲಿದ್ದಂತೆ ಬರೆ, ಪ್ರಾಜೆಕ್ಟಿಗೆ ಹೊಸದನ್ನು ಬಳಸು.

ಲೈಬ್ರರಿಯಲ್ಲಿ ಫೋವೆಲ್‌ನ 1953ರ, ಬಿರುಗೂದಲ ಹುಳುಗಳ ಕುರಿತ ಗ್ರಂಥ ಕೇಳು. ಅದರಲ್ಲಿನ ಎಷ್ಟೋ ಹೆಸರುಗಳು ಈಗ ಬದಲಾಗಿವೆ, ಸಾಗರಜೀವಿಗಳ ಜಾಗತಿಕ ಪಟ್ಟಿಯಲ್ಲಿ ತಾಳೆ ನೋಡಿಕೋ. ಅಲ್ಲಿಯವರೆಗೆ ಚೀಟಿಯಲ್ಲಿ ಕುಟುಂಬದ ಹೆಸರು, ಜಾಗ, ತಾರೀಖು ಸಾಕು.

ಇತಿ,
ನಿನ್ನ ಮಾವ