ಕಾಮಿಗಾಮೊದ ಮರಳಿನ ಗುಪ್ಪೆಗಳು ಅಲಂಕಾರವಲ್ಲ

ಮಾನ್ಯ ಸಂಪಾದಕರೇ,

ಜಪಾನಿನ ಪ್ರವಾಸ ಕಥನಗಳು ನಮ್ಮ ಪತ್ರಿಕೆಗಳ ಪುರವಣಿಗಳಲ್ಲಿ ಆಗಾಗ ಪ್ರಕಟವಾಗುತ್ತಿರುವುದು ಸಂತೋಷದ ಸಂಗತಿ. ಆದರೆ ಕ್ಯೋಟೊ ನಗರದ ಕಾಮಿಗಾಮೊ ದೇಗುಲದ ಅಂಗಳದಲ್ಲಿ ಜೋಡಿಯಾಗಿ ನಿಂತಿರುವ ಮರಳಿನ ಗುಪ್ಪೆಗಳ ಚಿತ್ರಕ್ಕೆ ‘ಝೆನ್ ಉದ್ಯಾನದ ಅಲಂಕಾರ’ ಎಂಬರ್ಥದ ಅಡಿಬರಹ ಕೊಡುವ ರೂಢಿ ಮಾತ್ರ ಬೇಸರ ತರಿಸುತ್ತದೆ. ಆ ದೇಗುಲ ಝೆನ್ ಎಂಬ ಬೌದ್ಧ ಪಂಥಕ್ಕೆ ಸೇರಿದ್ದಲ್ಲ. ಗುಪ್ಪೆಗಳು ಅಂದಕ್ಕಾಗಿ ಇಟ್ಟವೂ ಅಲ್ಲ.

ಕಾಮಿಗಾಮೊ, ಜಪಾನಿನ ದೇಶೀಯ ಧರ್ಮವಾದ ಶಿಂಟೊದ ದೇಗುಲ. ಅಲ್ಲಿನ ದೈವ ಕಾಮೊ ವಾಕೆಇಕಾಜುಚಿ, ಸಿಡಿಲಿನ ಶಕ್ತಿಯುಳ್ಳವನು. ದೇಗುಲಕ್ಕೆ ಉತ್ತರದಲ್ಲಿ ಸುಮಾರು ಎರಡು ಕಿಲೋಮೀಟರ್ ದೂರದಲ್ಲಿರುವ, ಸುಮಾರು 300 ಮೀಟರ್ ಎತ್ತರದ ಕೋಯಾಮ ಬೆಟ್ಟದ ಮೇಲೆ ಈ ದೈವ ಮೊದಲು ಇಳಿದುಬಂದಿತೆಂದು ನಂಬಿಕೆ. ಈಗಿರುವ ಸ್ಥಳದಲ್ಲಿ ದೇಗುಲ ಕಟ್ಟಿದ್ದು ಕ್ರಿ.ಶ. 678ರಲ್ಲಿ ಎಂದು ಪರಂಪರೆ ಹೇಳುತ್ತದೆ. ಬೆಟ್ಟದ ಆರಾಧನೆ ಅದಕ್ಕಿಂತಲೂ ಹಳೆಯದು. ಎರಡನೆಯ ತೋರಿ ದ್ವಾರವನ್ನು ದಾಟಿದೊಡನೆ, ಹೊಸೊದೊನೊ ಎಂಬ ಮಂಟಪದ ಮುಂದೆ ಕಾಣುವ ಚೂಪುತುದಿಯ ಎರಡು ಗುಪ್ಪೆಗಳು ಆ ಕೋಯಾಮ ಬೆಟ್ಟದ ಪ್ರತಿರೂಪಗಳು. ಅವುಗಳಿಗೆ ‘ತಾತೆಸುನ’ ಎಂದು ಹೆಸರು. ದೈವ ಬಂದು ನೆಲೆಸಲು ಅಣಿಗೊಳಿಸಿದ ಇಂಥ ಆಶ್ರಯಗಳನ್ನು ಶಿಂಟೊ ಪರಂಪರೆಯಲ್ಲಿ ‘ಯೊರಿಶಿರೊ’ ಎನ್ನುತ್ತಾರೆ. ಮರ, ಬಂಡೆ, ಕನ್ನಡಿಗಳೂ ಯೊರಿಶಿರೊ ಆಗಬಲ್ಲವು. ಕಲಶಕ್ಕೆ ದೇವರನ್ನು ಆವಾಹಿಸುವುದನ್ನು ಕಂಡು ಬೆಳೆದ ನಮಗೆ ಈ ಭಾವನೆ ಅಪರಿಚಿತವೇನಲ್ಲ, ಆದ್ದರಿಂದಲೇ ಅದನ್ನು ಬರೀ ಅಲಂಕಾರವೆಂದು ನಾವು ಬರೆಯುವುದು ಇನ್ನಷ್ಟು ಖೇದಕರ.

ಗುಪ್ಪೆಗಳನ್ನು ಹತ್ತಿರದಿಂದ ನೋಡಿದವರಿಗೆ ತುದಿಯಲ್ಲಿ ಸಿಕ್ಕಿಸಿದ ಪೈನ್ ಮರದ ಸೂಜಿಯೆಲೆಗಳು ಕಾಣುತ್ತವೆ. ಒಂದರ ಮೇಲಿರುವುದು ಮೂರು ಸೂಜಿಗಳ ಎಲೆ, ಇನ್ನೊಂದರ ಮೇಲಿರುವುದು ಎರಡು ಸೂಜಿಗಳದ್ದು. ಬೆಸ ಮತ್ತು ಸಮ ಸಂಖ್ಯೆಗಳ ಈ ಜೋಡಿ, ಚೀನಾದಿಂದ ಬಂದು ಜಪಾನಿನಲ್ಲಿ ಬೇರೂರಿದ ಯಿನ್-ಯಾಂಗ್ ಚಿಂತನೆಯನ್ನು, ಅಂದರೆ ಒಂದಕ್ಕೊಂದು ಪೂರಕವಾದ ಎರಡು ವಿರುದ್ಧ ಶಕ್ತಿಗಳ ತತ್ತ್ವವನ್ನು, ಸೂಚಿಸುತ್ತದೆ. ಇಷ್ಟು ಸಣ್ಣ ವಿವರದಲ್ಲಿ ಬೆಟ್ಟದ ಆರಾಧನೆಯೂ ಹೊರಗಿನಿಂದ ಬಂದ ತತ್ತ್ವವೂ ಒಂದಕ್ಕೊಂದು ಸೇರಿಕೊಂಡಿರುವುದು ನನಗೆ ಆ ದೇಗುಲದ ಅತ್ಯಂತ ಸೊಗಸಾದ ಸಂಗತಿಯೆನಿಸುತ್ತದೆ. ಮಳೆಗಾಳಿಗೆ ಗುಪ್ಪೆ ಸವೆದರೆ ಅದನ್ನು ಮತ್ತೆ ಕಟ್ಟುತ್ತಾರೆ. ಪವಿತ್ರವಾದದ್ದು ಶಾಶ್ವತ ವಸ್ತುವಿನಲ್ಲಿಯೇ ಇರಬೇಕೆಂಬ ಹಟ ಅಲ್ಲಿಲ್ಲ.

ಮರಳಿಗೆ ಶುದ್ಧೀಕರಣದ ಅರ್ಥವೂ ಇದೆ. ಅಶುಭ ಪ್ರವೇಶಿಸುವ ದಿಕ್ಕೆಂದು ಜಪಾನೀಯರು ಭಾವಿಸುವ ಈಶಾನ್ಯದಲ್ಲಿ ಮರಳು ಎರಚುವ ಪದ್ಧತಿಗೆ ಈ ತಾತೆಸುನವೇ ಮೂಲವೆಂದು ದೇಗುಲದವರು ಹೇಳುತ್ತಾರೆ. ಉಜಿ ಪಟ್ಟಣದ ಉಜಿಗಾಮಿ ದೇಗುಲದ ಮುಂದೆಯೂ ಇಂಥ ಜೋಡಿ ಗುಪ್ಪೆಗಳಿದ್ದು, ಅಲ್ಲಿನ ಮರಳನ್ನು ಆವರಣದ ಶುದ್ಧಿಗೆ ಬಳಸುತ್ತಾರೆ. ಹೊಸ ಕಟ್ಟಡಕ್ಕೆ ಮುನ್ನ ನಡೆಯುವ ‘ಜಿಚಿನ್‌ಸಾಯಿ’ ಎಂಬ ಭೂಶಾಂತಿಯಲ್ಲಿಯೂ ಮರಳಿನ ಗುಪ್ಪೆಯೊಂದನ್ನು ಕಟ್ಟಿ, ಅದಕ್ಕೆ ಗುದ್ದಲಿ ತಾಕಿಸುವ ವಿಧಿಯಿದೆ.

ಗೊಂದಲ ಹುಟ್ಟಿದ್ದಕ್ಕೆ ಕಾರಣ ಊಹಿಸುವುದು ಕಷ್ಟವಲ್ಲ. ಅದೇ ಕ್ಯೋಟೊದಲ್ಲಿರುವ ಗಿಂಕಾಕುಜಿ ನಿಜಕ್ಕೂ ಝೆನ್ ಮಂದಿರ, ಅದರ ತೋಟದಲ್ಲಿ ‘ಕೊಗೆತ್ಸುದಾಯಿ’ ಎಂಬ, ತುದಿ ಚಪ್ಪಟೆಯಾದ ದೊಡ್ಡ ಮರಳಿನ ಗುಪ್ಪೆಯಿದೆ. ಅದನ್ನು ಚಂದ್ರದರ್ಶನಕ್ಕೆಂದು ಕೆಲವರು, ಫುಜಿ ಪರ್ವತದ ರೂಪವೆಂದು ಇನ್ನು ಕೆಲವರು ವಿವರಿಸುತ್ತಾರೆ. ಗಿಂಕಾಕುಜಿ, ಕಾಮಿಗಾಮೊ, ಉಜಿಗಾಮಿ ಮೂರೂ 1994ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪ್ರಾಚೀನ ಕ್ಯೋಟೊದ 17 ತಾಣಗಳಲ್ಲಿವೆ. ಪ್ರವಾಸಿಗರು ಒಂದೇ ಸುತ್ತಿನಲ್ಲಿ ಇವುಗಳನ್ನು ನೋಡಿ ಮುಗಿಸುವುದರಿಂದ ಚಿತ್ರಗಳೂ ಅರ್ಥಗಳೂ ಕಲಸಿಹೋಗುತ್ತವೆ. ಆದರೆ ಒಂದು ಮರಳು ತೋಟದ ಭಾಗ, ಇನ್ನೊಂದು ಪೂಜೆಯ ಭಾಗ. ಕಾಮಿಗಾಮೊದಲ್ಲಿ ಈ ನಂಬಿಕೆ ಇಂದಿಗೂ ಜೀವಂತವಾಗಿದೆ: ಮೇ 15ರ ಪ್ರಸಿದ್ಧ ಆಯೊಯಿ ಉತ್ಸವಕ್ಕೆ ಮುನ್ನ, ಮೇ 12ರ ರಾತ್ರಿ, ದೈವವನ್ನು ಬರಮಾಡಿಕೊಳ್ಳುವ ‘ಮಿಆರೆ’ ಎಂಬ ವಿಧಿ ಸಾರ್ವಜನಿಕರಿಗೆ ಪ್ರವೇಶವಿಲ್ಲದೆ ನಡೆಯುತ್ತದೆ.

ಆದ್ದರಿಂದ ತಮ್ಮಲ್ಲಿ ಒಂದು ವಿನಂತಿ. ಮುಂದೆ ಇಂಥ ಚಿತ್ರ ಪ್ರಕಟಿಸುವಾಗ ಅದು ಶಿಂಟೊ ದೇಗುಲದ್ದೋ ಬೌದ್ಧ ಮಂದಿರದ್ದೋ ಎಂಬುದನ್ನು ಪರಿಶೀಲಿಸಿ, ಸ್ಥಳದ ಹೆಸರನ್ನು ಅಡಿಬರಹದಲ್ಲಿ ತಪ್ಪದೆ ನಮೂದಿಸಿ. ಕಾಮಿಗಾಮೊದ್ದಾದರೆ, ಕೋಯಾಮ ಬೆಟ್ಟದ ಕುರಿತು ಒಂದು ಸಾಲನ್ನಾದರೂ ಸೇರಿಸುವಂತೆ ಲೇಖಕರಿಗೆ ಸೂಚಿಸಿ.

– ಓರ್ವ ಓದುಗ, ಮೈಸೂರು